ಶರೀರಕ್ಕೂ ಒಂದು ಟಿ.ಸಿ. ಬೇಡವೇ?

ಮಾರ್ಚ್ ಮುಗಿದು ಏಪ್ರಿಲ್ ಬಂತೆಂದರೆ ನನ್ನ ಚಿಕಿತ್ಸಾಲಯಕ್ಕೆ ಒಂದು ಬಗೆಯ ಜನ ಬರಲಾರಂಭಿಸುತ್ತಾರೆ. ಅವರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಕೈಯಲ್ಲಿ ಹಳೆಯ ಔಷಧಿ ಚೀಟಿ, ಮುಖದಲ್ಲಿ ಅವಸರ. ‘ಟ್ರಾನ್ಸ್‌ಫರ್ ಆಗಿದೆ ಡಾಕ್ಟ್ರೇ, ಶನಿವಾರ ಹೊರಡ್ತೀವಿ. ಅಮ್ಮನ ಮಾತ್ರೆ ಮೂರು ತಿಂಗಳಿಗೆ ಬರೆದುಕೊಟ್ಟುಬಿಡಿ’ ಎನ್ನುತ್ತಾರೆ. ನಾನು ಬರೆದುಕೊಡುತ್ತೇನೆ. ‘ಹೋಗಿ ಬನ್ನಿ, ಒಳ್ಳೆಯದಾಗಲಿ’ ಎನ್ನುತ್ತೇನೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷ ಸಾಲದು ಎಂಬುದನ್ನು ನನಗೆ ಕಲಿಸಿದವರು ಎಪ್ಪತ್ತೆರಡು ವರ್ಷದ ಒಬ್ಬ ಅಜ್ಜಿ. ಕೆಲವು ವರ್ಷಗಳ ಹಿಂದಿನ ಮಾತು. ಮಲೆನಾಡಿನ ನಮ್ಮ ಊರಿನಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, ಗಂಡನನ್ನು ಕಳೆದುಕೊಂಡವರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಜೊತೆಗೆ ಹೃದಯದ ರಕ್ತನಾಳದ ತೊಂದರೆ. ಹನ್ನೊಂದು ವರ್ಷ ನನ್ನ ಬಳಿಯೇ ಚಿಕಿತ್ಸೆ. ಮಗ ಬ್ಯಾಂಕಿನಲ್ಲಿ ಅಧಿಕಾರಿ. ಪ್ರಮೋಷನ್ ಬಂತು, ಅದರ ಬೆನ್ನಿಗೇ ದೆಹಲಿಗೆ ವರ್ಗಾವಣೆಯೂ ಬಂತು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಅಜ್ಜಿ ಎಲ್ಲರೂ ಒಟ್ಟಿಗೆ ಹೊರಟರು.

ಮಾತ್ರೆಗಳನ್ನು ಕೊಂಡದ್ದೇನೋ ಮೂರು ತಿಂಗಳಿಗೆ ಸಾಕಾಗುವಷ್ಟು. ಆದರೆ ಅವು ಅಡುಗೆಮನೆ ಸಾಮಾನಿನ ರಟ್ಟಿನ ಪೆಟ್ಟಿಗೆಯೊಳಗೆ ಸೇರಿ ಲಾರಿ ಹತ್ತಿದವು. ಅಜ್ಜಿಯ ಕೈಚೀಲದಲ್ಲಿದ್ದದ್ದು ಎರಡು ದಿನದ ಮಾತ್ರೆ. ಲಾರಿ ದೆಹಲಿ ತಲುಪಿದ್ದು ಒಂಬತ್ತನೇ ದಿನ. ‘ನಾಲ್ಕು ದಿನ ಬಿಟ್ಟರೆ ಏನಾಗುತ್ತೆ, ಸಾಮಾನು ಬಂದ ಮೇಲೆ ತಗೊಂಡರಾಯಿತು’ ಎಂದು ಮನೆಯವರು ಅಂದುಕೊಂಡರು. ಆರನೇ ದಿನ ರಾತ್ರಿ ಅಜ್ಜಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ‘ಯಾವ ಮಾತ್ರೆ ತಗೊಳ್ತಿದ್ದರು?’ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ‘ಬೆಳಿಗ್ಗೆ ಒಂದು ಸಣ್ಣ ಬಿಳಿ ಮಾತ್ರೆ, ರಾತ್ರಿ ಒಂದು ಹಳದಿ’ ಎಂದಷ್ಟೇ ಸೊಸೆ ಹೇಳಬಲ್ಲವಳಾಗಿದ್ದಳು. ಹಳೆಯ ಇ.ಸಿ.ಜಿ. ನನ್ನ ಬೀರುವಿನ ಕಡತದಲ್ಲಿತ್ತು. ಮಗ ನನಗೆ ಫೋನ್ ಮಾಡಿದಾಗ ರಾತ್ರಿ ಹನ್ನೊಂದು ದಾಟಿತ್ತು. ನಾನು ಬೇರೆ ಊರಿನಲ್ಲಿ ಮದುವೆ ಮನೆಯಲ್ಲಿದ್ದೆ. ಕಡತ ತೆಗೆದು ಓದಿ ಹೇಳಿದ್ದು ಮರುದಿನ ಬೆಳಿಗ್ಗೆ.

ಅಜ್ಜಿ ಉಳಿದರು. ಆದರೆ ಆ ರಾತ್ರಿ ನನ್ನ ಮನಸ್ಸಿನಿಂದ ಹೋಗಲಿಲ್ಲ. ಅವರ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಒಂದಿತ್ತು. ಹೃದಯದ ತೊಂದರೆ ಇರುವವರು ಈ ಗುಂಪಿನ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಹೃದಯದ ಬಡಿತ ಏರಿ, ಅದುಮಿಟ್ಟಿದ್ದ ಎದೆನೋವು ಮರುಕಳಿಸಬಹುದು. ಇದು ಪ್ರತಿಯೊಬ್ಬ ವೈದ್ಯನಿಗೂ ಗೊತ್ತಿರುವ ಸಂಗತಿ. ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ. ತಪ್ಪು ಯಾರದು ಎಂದು ಬೇರೆಯವರನ್ನು ಕೇಳುವ ಅಗತ್ಯ ನನಗಿಲ್ಲ.

ಊರು ಬಿಡುವಾಗ ಮಕ್ಕಳಿಗೆ ಶಾಲೆಯಿಂದ ಟಿ.ಸಿ. ತರುತ್ತೇವೆ. ಗ್ಯಾಸ್ ಕನೆಕ್ಷನ್ ವರ್ಗಾಯಿಸುತ್ತೇವೆ, ಬ್ಯಾಂಕಿನ ಖಾತೆ ವರ್ಗಾಯಿಸುತ್ತೇವೆ. ಹನ್ನೊಂದು ವರ್ಷ ಒಬ್ಬ ವೈದ್ಯನ ಕೈಯಲ್ಲಿದ್ದ ಶರೀರಕ್ಕೆ ಮಾತ್ರ ಯಾವ ಕಾಗದವೂ ಇಲ್ಲ. ದೂರದ ಊರಿಗೆ ಸಂಸಾರ ಹೂಡುವುದೂ ಒಂದು ಆರೋಗ್ಯದ ವಿಷಯ ಎಂದು ನಾವು, ವೈದ್ಯರೂ ಸೇರಿದಂತೆ, ಇನ್ನೂ ಒಪ್ಪಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಹಾಳೆ ಸಾಕು

ವರ್ಗಾವಣೆಯ ಆದೇಶ ಕೈಗೆ ಬಂದ ವಾರದಲ್ಲೇ ನಿಮ್ಮ ವೈದ್ಯರನ್ನು ಕಾಣಿರಿ, ಹೊರಡುವ ಹಿಂದಿನ ದಿನವಲ್ಲ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಬರೆಸಿಕೊಳ್ಳಿ. ಏನು ಕಾಯಿಲೆ, ಯಾವಾಗಿನಿಂದ; ಯಾವ ಔಷಧ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ; ಯಾವ ಔಷಧ ಒಗ್ಗುವುದಿಲ್ಲ; ಹಿಂದೆ ಆದ ಶಸ್ತ್ರಚಿಕಿತ್ಸೆ; ಕೊನೆಯ ರಕ್ತಪರೀಕ್ಷೆಯ ಫಲಿತಾಂಶ. ಹೃದಯದ ತೊಂದರೆ ಇದ್ದವರಿಗೆ ಹಳೆಯ ಇ.ಸಿ.ಜಿ.ಯ ಪ್ರತಿ ಬೇಕೇ ಬೇಕು. ಹೊಸ ಇ.ಸಿ.ಜಿ.ಯಲ್ಲಿ ಕಾಣುವ ಬದಲಾವಣೆ ಇಂದಿನದೋ ಹತ್ತು ವರ್ಷದ ಹಿಂದಿನದೋ ಎಂದು ತಿಳಿಯುವುದು ಅದರಿಂದಲೇ.

ಔಷಧಿಯ ಹೆಸರು ಕಂಪೆನಿ ಇಟ್ಟ ಹೆಸರಾಗಿರದೆ ಮೂಲ ಹೆಸರಾಗಿರಲಿ. ಇಲ್ಲಿ ಸಿಗುವ ಹೆಸರಿನ ಮಾತ್ರೆ ಅಲ್ಲಿನ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಮೂಲ ಹೆಸರು ಇಡೀ ದೇಶದಲ್ಲಿ ಒಂದೇ. ಐದು ವರ್ಷದೊಳಗಿನ ಮಕ್ಕಳಿದ್ದರೆ ತಾಯಿ ಕಾರ್ಡನ್ನು ಜೋಪಾನವಾಗಿಡಿ. ಅದು ಕಳೆದುಹೋದರೆ ಹಾಕಿಸಿದ ಲಸಿಕೆಯನ್ನೇ ಮತ್ತೆ ಹಾಕಿಸಬೇಕಾಗಬಹುದು, ಹಾಕಿಸದ್ದು ತಪ್ಪಿಯೂ ಹೋಗಬಹುದು.

ಈಗ ಹದಿನಾಲ್ಕು ಅಂಕಿಗಳ ‘ಆಭಾ’ ಸಂಖ್ಯೆ ಬಂದಿದೆ. ದಾಖಲೆಗಳನ್ನು ಅದಕ್ಕೆ ಜೋಡಿಸಿಕೊಂಡರೆ ಎಲ್ಲಿಂದ ಬೇಕಾದರೂ ನೋಡಬಹುದು. ಹಾಳೆಯ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಟ್ಟುಕೊಳ್ಳಿ. ಆದರೂ ಕಾಗದ ಕೈಯಲ್ಲಿರಲಿ. ಮಧ್ಯರಾತ್ರಿ ಮೊಬೈಲಿನ ಚಾರ್ಜ್ ಮುಗಿದಿರುತ್ತದೆ, ಕಾಗದಕ್ಕೆ ಆ ತೊಂದರೆಯಿಲ್ಲ.

ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಊರು ಬಿಡುವುದನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸದೆ ಹೊರಡಲೇಬಾರದು. ಅವರ ಹೆಸರು ‘ನಿಕ್ಷಯ’ ದಾಖಲೆಯಲ್ಲಿರುತ್ತದೆ. ಅದನ್ನು ಹೊಸ ಊರಿನ ಕೇಂದ್ರಕ್ಕೆ ವರ್ಗಾಯಿಸಿ ಔಷಧ ಅಲ್ಲೇ ಉಚಿತವಾಗಿ ಸಿಗುವಂತೆ ಮಾಡಬಹುದು. ನಡುವೆ ಔಷಧ ಬಿಟ್ಟರೆ ರೋಗಾಣು ಔಷಧಕ್ಕೇ ಬಗ್ಗದಂತಾಗುವ ಅಪಾಯವಿದೆ.

ಮಾತ್ರೆ ಲಾರಿಗಲ್ಲ, ಕೈಚೀಲಕ್ಕೆ

ಕನಿಷ್ಠ ಒಂದು ತಿಂಗಳ ಔಷಧ ನಿಮ್ಮ ಕೈಯಲ್ಲೇ ಪ್ರಯಾಣ ಮಾಡಲಿ. ಹೃದಯದ ಔಷಧ, ಮೂರ್ಛೆರೋಗದ ಔಷಧ, ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಔಷಧ ಇವುಗಳನ್ನು ಒಂದು ದಿನವೂ ತಪ್ಪಿಸಬಾರದು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಒಡೆಯದ ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಳಕೆಯಲ್ಲಿರುವ ಸೀಸೆ ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಉತ್ತರಕ್ಕೆ ಹೋಗುವ ರೈಲಿನ ಡಬ್ಬಿ ಸಾಧಾರಣ ಕೋಣೆಯಲ್ಲ! ತಂಪು ಚೀಲವಿದ್ದರೆ ಸರಿ. ಆದರೆ ಸೀಸೆಯನ್ನು ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಹೊಸ ಮನೆಗೆ ಫ್ರಿಜ್ ಬರುವತನಕ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಸಣ್ಣ ಡಬ್ಬಿಯಲ್ಲಿಟ್ಟರೆ ತಕ್ಕಮಟ್ಟಿಗೆ ತಂಪಾಗಿರುತ್ತದೆ. ವಿಮಾನದಲ್ಲಿ ಹೋಗುವವರು ಇನ್ಸುಲಿನ್ನನ್ನು ಒಳಗೆ ಒಯ್ಯುವ ಚೀಲದಲ್ಲೇ ಇಟ್ಟುಕೊಳ್ಳಬೇಕು, ಜೊತೆಗೆ ವೈದ್ಯರ ಚೀಟಿಯೂ ಇರಲಿ.

ಎರಡು ರಾತ್ರಿಯ ದಾರಿ

ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯಬೇಕು. ನಾಲ್ಕು ಗಂಟೆಗೂ ಮೀರಿ ಕದಲದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ವಯಸ್ಸಾದವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಪಾಯಿಖಾನೆಗೆ ಹೋಗಬೇಕಾದೀತೆಂದು ನಮ್ಮ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ತಪ್ಪು. ಮೂತ್ರದ ಸೋಂಕಿಗೆ, ಬಿಸಿಲಿನ ಬಳಲಿಕೆಗೆ ಅದೇ ದಾರಿ.

ಓ.ಆರ್.ಎಸ್. ಪೊಟ್ಟಣ ನಾಲ್ಕು ಜೊತೆಗಿರಲಿ. ದೊಡ್ಡ ಪೊಟ್ಟಣವೊಂದಕ್ಕೆ ಒಂದು ಲೀಟರ್ ಶುದ್ಧ ನೀರು; ಅರ್ಧ ಪೊಟ್ಟಣ ಅರ್ಧ ಲೋಟಕ್ಕೆ ಎಂಬ ಅಂದಾಜು ಬೇಡ. ಬಸ್ಸು ಕಾರಿನಲ್ಲಿ ವಾಂತಿ ಮಾಡುವ ಮಗುವಿಗೆ ಹೊಟ್ಟೆ ತುಂಬ ತಿನ್ನಿಸದೆ, ಎದುರಿನ ದೂರದ ದೃಶ್ಯ ಕಾಣುವಂತೆ ಕೂರಿಸಿ, ಮೊಬೈಲು ಕೊಡಬೇಡಿ. ರೈಲಿನಲ್ಲಿ ಯಾರಿಗಾದರೂ ಆರೋಗ್ಯ ಕೆಟ್ಟರೆ 139ಕ್ಕೆ ಕರೆ ಮಾಡಿ ಮುಂದಿನ ನಿಲ್ದಾಣದಲ್ಲಿ ವೈದ್ಯರ ನೆರವು ಕೇಳಬಹುದು.

ಹೊಸ ಮನೆಯ ಮೊದಲ ರಾತ್ರಿ

ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತೇವೆ, ದೇವರ ಪಟ ಇಡುತ್ತೇವೆ. ಅಂದೇ ರಾತ್ರಿ ಮುದುಕರು ಕತ್ತಲಲ್ಲಿ ಎದ್ದು, ನಲವತ್ತು ವರ್ಷದ ಅಭ್ಯಾಸಬಲದಿಂದ ಎಡಕ್ಕೆ ತಿರುಗುತ್ತಾರೆ. ಬಚ್ಚಲುಮನೆ ಇಲ್ಲಿ ಬಲಕ್ಕಿದೆ! ಸೊಂಟದ ಮೂಳೆ ಮುರಿಯುವುದು ಹೀಗೆಯೇ. ಅವರು ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪವಿರಲಿ. ಬಿಚ್ಚದ ಪೆಟ್ಟಿಗೆಗಳು ಆ ದಾರಿಯಲ್ಲಿ ಬೇಡ. ಹಳೆಯ ಮನೆಯಲ್ಲಿ ತಲೆ ಯಾವ ದಿಕ್ಕಿಗಿತ್ತೋ, ನೀರಿನ ಚೊಂಬು ಯಾವ ಕೈಗಿತ್ತೋ ಇಲ್ಲಿಯೂ ಹಾಗೇ ಇಡಿ. ಮೊದಲ ಕೆಲವು ರಾತ್ರಿ ಕೆಲವರು ‘ನಾನೆಲ್ಲಿದ್ದೀನಿ, ಮನೆಗೆ ಹೋಗೋಣ’ ಎಂದು ಗಾಬರಿಯಾಗುವುದುಂಟು. ಗದರಿಸಬೇಡಿ. ದೀಪ ಹಾಕಿ, ಕೈ ಹಿಡಿದು, ಕನ್ನಡಕ ಹಾಕಿಸಿ ಮಾತನಾಡಿಸಿ. ಆದರೆ ಈ ಗೊಂದಲ ಹಗಲೂ ಮುಂದುವರಿದರೆ, ಜ್ವರವಿದ್ದರೆ, ಮೂತ್ರ ಕಟ್ಟಿದ್ದರೆ ಊರು ಬದಲಾದದ್ದಕ್ಕೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

‘ನೀರು ಬದಲಾಯಿತು, ನೆಗಡಿಯಾಯಿತು’ ಎನ್ನುವುದು ನಮ್ಮಲ್ಲಿ ರೂಢಿ. ನೆಗಡಿಗೆ ಕಾರಣ ವೈರಾಣು. ಹೊಸ ಶಾಲೆ, ಹೊಸ ಜನರಿಂದ ಹೊಸ ವೈರಾಣು ಮನೆಗೆ ಬರುತ್ತದೆ. ಭೇದಿಗೆ ಮಾತ್ರ ನೀರೇ ಅಪರಾಧಿಯಾಗಿರಬಹುದು. ಹೊಸ ಊರಿನ ನೀರಿನ ಗುಣ ತಿಳಿಯುವವರೆಗೆ ಕುದಿಸಿ ಕುಡಿಯಿರಿ. ಚೆನ್ನಾಗಿ ಕೊತಕೊತ ಕುದಿ ಬಂದು ಒಂದು ನಿಮಿಷವಾದರೆ ಸಾಕು.

ಮಲೆನಾಡಿನ ತೇವದ ಗಾಳಿಯಿಂದ ಉತ್ತರದ ಒಣ ಬೇಸಗೆಗೆ ಹೋದ ಮಕ್ಕಳಿಗೆ ಮೂಗಿನಿಂದ ರಕ್ತ ಬರುವುದು ಸಾಮಾನ್ಯ. ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೃದುಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಬಗ್ಗಿಸಬೇಡಿ. ಆಸ್ತಮಾ ಇರುವವರು ದೆಹಲಿಯ ಅಕ್ಟೋಬರ್‌ನಿಂದ ಜನವರಿವರೆಗಿನ ಹೊಗೆಗೆ ಮೊದಲೇ ಅಲ್ಲಿನ ವೈದ್ಯರೊಬ್ಬರನ್ನು ಗೊತ್ತುಮಾಡಿಕೊಳ್ಳಬೇಕು. ಹೋದ ಮೊದಲ ವಾರದಲ್ಲೇ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ತೆರೆದಿರುವ ಔಷಧದ ಅಂಗಡಿ ಯಾವುದು ಎಂದು ನೋಡಿಕೊಂಡು ಬನ್ನಿ. ನಮ್ಮ 108 ಎಲ್ಲ ರಾಜ್ಯದಲ್ಲೂ ಇರಲಾರದು. ತುರ್ತಿಗೆ 112 ನೆನಪಿರಲಿ.

ಮಕ್ಕಳು ಮಾತಾಡುವುದಿಲ್ಲ

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ತಂದೆಗೆ ಶಿರಸಿಯಿಂದ ಬೀದರಿಗೆ ವರ್ಗವಾಯಿತು. ಅಲ್ಲಿಯೂ ಕನ್ನಡವೇ. ಆದರೆ ನನ್ನ ಕನ್ನಡ ಕೇಳಿ ತರಗತಿಯೇ ನಗುತ್ತಿತ್ತು, ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ನನ್ನ ತಮ್ಮ ಏಳನೇ ವರ್ಷದಲ್ಲಿ ಮತ್ತೆ ಆರಂಭಿಸಿದ. ಅಪ್ಪ ಬೈದರು. ಅಮ್ಮ ದಿನಾ ಬೆಳಿಗ್ಗೆ ಹಾಸಿಗೆ ಒಣಹಾಕಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಆ ಮಗುವಿನ ಮನಸ್ಸು ಶರೀರದ ಮೂಲಕ ಆಡಿದ ಮಾತು ಎಂದು ನನಗೆ ತಿಳಿದದ್ದು ವೈದ್ಯಕೀಯ ಓದಿದ ಮೇಲೆ.

ಹೊಟ್ಟೆನೋವು, ಶಾಲೆಯ ದಿನ ಮಾತ್ರ ಬರುವ ತಲೆನೋವು, ಊಟ ಬೇಡವೆನ್ನುವುದು, ಹಾಸಿಗೆ ಒದ್ದೆಮಾಡುವುದು ಇವೆಲ್ಲ ಮೊದಲ ಎರಡು ಮೂರು ತಿಂಗಳಲ್ಲಿ ಕಾಣಬಹುದು. ಮೂತ್ರ ಪರೀಕ್ಷೆ ಮಾಡಿಸಿ ಸೋಂಕು, ಸಕ್ಕರೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬೇಕಾದ್ದು ತಾಳ್ಮೆ. ಹಳೆಯ ಸ್ನೇಹಿತರ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಲಿ. ಪೆಟ್ಟಿಗೆ ಕಟ್ಟುವಾಗ ‘ಇದು ಹಳೇದು, ಬಿಸಾಕು’ ಎಂದು ಅವರ ಆಟಿಕೆಯನ್ನು ಎಸೆಯಬೇಡಿ. ಹೊಸ ಮನೆಯಲ್ಲಿ ಮೊದಲು ಬಿಚ್ಚುವ ಪೆಟ್ಟಿಗೆ ಅವರದಾಗಿರಲಿ. ನಮ್ಮ ರಾಜ್ಯದ ಶಾಲೆಗಳು ಮೇ ಕೊನೆಗೋ ಜೂನ್‌ಗೋ ತೆರೆದರೆ ಕೇಂದ್ರ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲೇ ಆರಂಭವಾಗುತ್ತವೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಹೊರಡುವ ದಿನ ಗೊತ್ತುಮಾಡಿ.

ಮೂರನೇ ವಾರದ ಕಾಯಿಲೆ

ಮನೆ ಕಟ್ಟಿ ಬಿಚ್ಚುವವಳು ಗೃಹಿಣಿ. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೊಂದಿಕೊಂಡ ಮೇಲೆ, ಮೂರನೇ ವಾರವೋ ನಾಲ್ಕನೇ ವಾರವೋ ಆಕೆ ಮಲಗುತ್ತಾಳೆ. ಇದು ನಾನು ಅನೇಕ ಮನೆಗಳಲ್ಲಿ ಕಂಡದ್ದು. 1967ರಲ್ಲಿ ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಬದುಕಿನ 43 ಘಟನೆಗಳಿಗೆ ಒಂದೊಂದು ಅಂಕ ಕೊಟ್ಟರು. ಸಂಗಾತಿಯ ಮರಣಕ್ಕೆ 100. ಮನೆ ಬದಲಾವಣೆಗೆ ಬರೇ 20. ಇಷ್ಟೇನಾ ಎನಿಸಬಹುದು. ಆದರೆ ಮನೆ ಒಂದೇ ಬದಲಾಗುವುದಿಲ್ಲವಲ್ಲ! ಶಾಲೆ 20, ಕೆಲಸದ ಸಮಯ 20, ಜೀವನದ ಸ್ಥಿತಿಗತಿ 25, ವಿರಾಮದ ರೀತಿ 19, ಸಾಮಾಜಿಕ ಒಡನಾಟ 18, ನಿದ್ರೆ 16, ಊಟ 15, ಬಂಧುಗಳ ಕೂಡುವಿಕೆ 15. ಕೂಡಿದರೆ 168. 150 ದಾಟಿದರೆ ಕಾಯಿಲೆ ಬೀಳುವ ಸಂಭವ ಹೆಚ್ಚು ಎಂದು ಅವರ ಲೆಕ್ಕ. ಇದು ಸ್ಥೂಲವಾದ ಅಳತೆಯೇ ಸರಿ. ಆದರೆ ಗಂಡನ ಪ್ರಮೋಷನ್ನಿಗಾಗಿ ತನ್ನ ಕೆಲಸ ಬಿಟ್ಟು, ಭಾಷೆ ಬಾರದ ಊರಿನಲ್ಲಿ ತರಕಾರಿಯವನೊಡನೆ ಕೈಸನ್ನೆಯಲ್ಲಿ ವ್ಯವಹರಿಸುವ ಹೆಂಗಸಿನ ಬಳಲಿಕೆಗೆ ‘ರಕ್ತ ಕಡಿಮೆಯಾಗಿದೆ, ಟಾನಿಕ್ ಕೊಡಿ’ ಎನ್ನುವುದಕ್ಕಿಂತ ಈ ಲೆಕ್ಕವೇ ವಾಸಿ. ನಿದ್ದೆಯಿಲ್ಲದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಅಳು ಬರುತ್ತ ಎರಡು ವಾರ ಕಳೆದರೆ ಅದು ಖಿನ್ನತೆಯಿರಬಹುದು, ಚಿಕಿತ್ಸೆಯಿದೆ.

ಹಿರಿಯರು ಕೊನೆಗೆ ಹೊರಡಲಿ

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಆ ಅಜ್ಜಿ ಎಂಟು ತಿಂಗಳ ನಂತರ ಒಂದು ಮದುವೆಗೆಂದು ಊರಿಗೆ ಬಂದಾಗ ನನ್ನಲ್ಲಿಗೂ ಬಂದಿದ್ದರು. ಮಾತ್ರೆ ಬಿಟ್ಟ ವಿಷಯ ತೆಗೆದು ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ಹೇಳಿದರು: ‘ಮಾತ್ರೆ ಬಿಟ್ಟಿದ್ದು ಹೌದು ಡಾಕ್ಟ್ರೇ. ಆದ್ರೆ ಎದೆ ಹಿಡ್ಕೊಂಡಿದ್ದು ಇಲ್ಲಿಂದ ಹೊರಡೋವಾಗ್ಲೇ. ಬರ್ತೀಯಾ ಅಂತ ಒಬ್ರಾದ್ರೂ ನನ್ನ ಕೇಳಿದ್ರಾ?’

ಮಗ ಕೆಟ್ಟವನಲ್ಲ. ತಾಯಿಯನ್ನು ಬಿಟ್ಟುಹೋಗಬಾರದೆಂಬ ಪ್ರೀತಿಯಿಂದಲೇ ಕರೆದೊಯ್ದ. ಆದರೆ ಕೇಳುವುದು ಬೇರೆ, ಕರೆದೊಯ್ಯುವುದು ಬೇರೆ.

‘ಇಲ್ಲಿ ನೋಡಿಕೊಳ್ಳುವವರು ಯಾರು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರನ್ನೇ ಬಿಟ್ಟುಹೋಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಲಾರಿ ಹೋದ ದಿನವೇ ಎಪ್ಪತ್ತು ದಾಟಿದವರೂ ಹೋಗಬೇಕೆಂಬ ನಿಯಮವೇನೂ ಇಲ್ಲ. ಮಗಳ ಮನೆಯಲ್ಲೋ ತಂಗಿಯ ಮನೆಯಲ್ಲೋ ನಾಲ್ಕು ವಾರ ಇರಲಿ. ಅಲ್ಲಿ ಮನೆ ಸಿದ್ಧವಾಗಿ, ವೈದ್ಯರು ಗೊತ್ತಾಗಿ, ಬಚ್ಚಲಿಗೆ ಹಿಡಿಕೆ ಹಾಕಿಸಿದ ಮೇಲೆ ಮಗ ಬಂದು ಕರೆದುಕೊಂಡು ಹೋಗಲಿ. ಕೇಂದ್ರ ಸರ್ಕಾರದ ನೌಕರರ ನಿಯಮದಲ್ಲಿ ಕುಟುಂಬದವರು ವರ್ಗಾವಣೆಯ ನಂತರ ಆರು ತಿಂಗಳೊಳಗೆ ಹೋದರೂ ಪ್ರಯಾಣಭತ್ಯೆ ಸಿಗುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ದೂರದ ವರ್ಗಾವಣೆಗೆ, ವಿಮಾನದಲ್ಲಿ ಹೋಗದವರಿಗೆ, ಹದಿನೈದು ದಿನಗಳ ಸೇರ್ಪಡೆ ಕಾಲಾವಕಾಶವೂ ಇದೆ. ಬೇರೆ ಸಂಸ್ಥೆಯವರು ತಮ್ಮ ಕಚೇರಿಯಲ್ಲಿ ವಿಚಾರಿಸಲಿ. ಮೇಲಧಿಕಾರಿಯ ಮೆಚ್ಚುಗೆಗಾಗಿ ಮೂರನೇ ದಿನಕ್ಕೇ ಹಾಜರಾಗುವವರು ಆ ಹನ್ನೆರಡು ದಿನಗಳನ್ನು ಮನೆಯವರಿಂದ ಕಸಿದುಕೊಳ್ಳುತ್ತಾರೆ ಎಂದೇ ನನ್ನ ಭಾವನೆ.

ಹೋದ ಮೇಲೂ ಅವರಿಗೆ ಮಾತಾಡಲು ಜನ ಬೇಕು. ದೆಹಲಿಯಲ್ಲಿ ಕರ್ನಾಟಕ ಸಂಘವಿದೆ, ಲೋದಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯಿದೆ. ಮುಂಬಯಿಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ಹೊಸ ಊರಿನ ಆಸ್ಪತ್ರೆ ಹುಡುಕಿದಂತೆಯೇ ಇವನ್ನೂ ಹುಡುಕಿರಿ. ವಾರಕ್ಕೊಂದು ದಿನ ಕನ್ನಡದಲ್ಲಿ ಹರಟೆ ಹೊಡೆದು ಬಂದ ಮುದುಕರಿಗೆ ಅಂದು ರಾತ್ರಿ ನಿದ್ರೆ ಚೆನ್ನಾಗಿ ಬರುತ್ತದೆ.

ಆ ಅಜ್ಜಿ ಈಗ ವರ್ಷದಲ್ಲಿ ಆರು ತಿಂಗಳು ಮಗನ ಜೊತೆ, ಚಳಿಗಾಲದ ಹೊತ್ತಿಗೆ ಇಲ್ಲಿ ಮಗಳ ಜೊತೆ. ಈ ಏರ್ಪಾಡು ಮಾಡಿದ್ದು ಅವರೇ. ನಾನೂ ನನ್ನ ಪದ್ಧತಿ ಬದಲಿಸಿದ್ದೇನೆ. ಊರು ಬಿಡುವವರು ಬಂದರೆ ತುಂಬಿಕೊಡಲು ಖಾಲಿ ಹಾಳೆಗಳ ಒಂದು ಕಟ್ಟು ನನ್ನ ಮೇಜಿನ ಮೇಲಿದೆ. ಬರೆಯಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹೊರಗೆ ಕಾದಿರುವವರು ಗೊಣಗುತ್ತಾರೆ, ಗೊಣಗಲಿ. ಬರೆದು ಮುಗಿಸಿ ಹಾಳೆಯನ್ನು ಮಗನ ಕೈಗೆ ಕೊಡುವ ಮುನ್ನ, ಪಕ್ಕದಲ್ಲಿ ಕುಳಿತ ಹಿರಿಯರ ಕಡೆ ತಿರುಗಿ ಕೇಳುತ್ತೇನೆ: ‘ನಿಮಗೆ ಹೋಗಲು ಮನಸ್ಸಿದೆಯೇ?’

ನಿಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ವೈದ್ಯರು ಕೇಳುವವರೆಗೆ ಕಾಯಬೇಡಿ.